ಕ್ಯಾನ್ಸರ್ ನಮ್ಮ ವಂಶದಲ್ಲಿದೆಯಾ? ಜೀನ್ ಪರೀಕ್ಷೆ ಬಗ್ಗೆ ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಜೀನ್ ಪರೀಕ್ಷೆಗೆ ಬೇಕಾಗುವುದು ಒಂದು ಸಣ್ಣ ಟ್ಯೂಬಿನಷ್ಟು ರಕ್ತ. ಆದರೆ ಅದಕ್ಕೂ ಮುಂಚೆ ಒಂದು ಹಾಳೆ ಬೇಕು, ಒಂದು ಪೆನ್ನು ಬೇಕು, ಮನೆಯ ಹಳೇ ಸಂಗತಿಗಳನ್ನು ಮರೆಯದ ಒಬ್ಬ ಅಜ್ಜಿಯೋ ದೊಡ್ಡಮ್ಮನೋ ಬೇಕು. ಸುಮಾರು ಜನ ಈ ಎರಡನೇ ಕೆಲಸ ಬಿಟ್ಟು ನೇರ ರಕ್ತ ಕೊಡಲು ಹೋಗುತ್ತಾರೆ. ಆಮೇಲೆ ಕೈಗೆ ಬಂದ ರಿಪೋರ್ಟ್ ಏನು ಹೇಳುತ್ತಿದೆ ಅಂತ ಅವರಿಗೂ ಗೊತ್ತಾಗಲ್ಲ, ಡಾಕ್ಟರಿಗೂ ಪೂರ್ತಿ ಗೊತ್ತಾಗಲ್ಲ. ಅದಕ್ಕೇ ಈ ಪುಟದಲ್ಲಿ ಮನೆತನದ ಮಾತು ಸ್ವಲ್ಪ ಜಾಸ್ತಿಯೇ ಇದೆ. ನಿಮ್ಮ ವಿಷಯದಲ್ಲಿ ಏನು ಮಾಡಬೇಕು ಅನ್ನುವುದನ್ನು ನಿಮ್ಮ ಡಾಕ್ಟರ್ ಅಥವಾ ಜೆನೆಟಿಕ್ ಕೌನ್ಸೆಲರ್ (ವಂಶದ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರು) ಜೊತೆ ಕೂತು ನಿರ್ಧರಿಸಿ. ಹಾಗೆ ಕೂರುವ ಮುಂಚೆ ಓದಿಕೊಳ್ಳಲಿ ಅಂತ ಇದನ್ನು ಬರೆದಿದೆ.

ನಮ್ಮಮ್ಮನಿಗೆ ಸ್ತನ ಕ್ಯಾನ್ಸರ್ ಬಂದಿತ್ತು. ನನಗೂ ಬಂದೇ ಬರುತ್ತಾ?

ಇಲ್ಲ. ಸ್ತನ ಕ್ಯಾನ್ಸರ್ ಬಂದ 100 ಜನರನ್ನು ತೆಗೆದುಕೊಂಡರೆ, ಹುಟ್ಟಿನಿಂದ ಬಂದ ಒಂದೇ ಒಂದು ಜೀನಿನ ದೋಷ ಕಾರಣವಾಗಿರುವುದು ಸುಮಾರು 5ರಿಂದ 10 ಜನರಲ್ಲಿ ಮಾತ್ರ. ಉಳಿದವರಲ್ಲಿ ವಯಸ್ಸು, ಹಾರ್ಮೋನು, ಅದೃಷ್ಟ ಎಲ್ಲವೂ ಸೇರಿಕೊಂಡಿರುತ್ತದೆ. ಅಮ್ಮನಿಗೆ 70ನೇ ವಯಸ್ಸಿನಲ್ಲಿ ಬಂದು, ಬಳಗದಲ್ಲಿ ಬೇರೆ ಯಾರಿಗೂ ಇಲ್ಲದಿದ್ದರೆ ವಂಶದ ದೋಷ ಇರುವ ಸಾಧ್ಯತೆ ಕಡಿಮೆ. ಅದೇ ಅಮ್ಮನಿಗೆ 38ಕ್ಕೇ ಬಂದಿದ್ದರೆ ಲೆಕ್ಕ ಬೇರೆ.

ಅಂಡಾಶಯದ ಕ್ಯಾನ್ಸರ್‌ನಲ್ಲಿ ಈ ಪಾಲು ಜಾಸ್ತಿ. 100ರಲ್ಲಿ ಸುಮಾರು 15ರಿಂದ 20 ಜನರಲ್ಲಿ ವಂಶದಿಂದ ಬಂದ ದೋಷ ಸಿಗುತ್ತದೆ. ಹಾಗಾಗಿ ಅಂಡಾಶಯದ ಕ್ಯಾನ್ಸರ್ ಬಂದವರಿಗೆ, ವಯಸ್ಸು ಎಷ್ಟೇ ಇರಲಿ, ಮನೆಯಲ್ಲಿ ಬೇರೆ ಯಾರಿಗೂ ಇಲ್ಲದಿರಲಿ, ಜೀನ್ ಪರೀಕ್ಷೆ ಮಾಡಿಸಿ ಅಂತಲೇ ಹೇಳುತ್ತಾರೆ.

ವಂಶದಿಂದ ಬರುತ್ತದೆ ಅಂದರೆ ನಿಜವಾಗಿ ಏನು ಬರುತ್ತದೆ?

ಕ್ಯಾನ್ಸರ್ ಬರುವುದಿಲ್ಲ. ಕೆಟ್ಟುಹೋದ ಒಂದು ಜೀನ್ ಬರುತ್ತದೆ.

ನಮ್ಮ ಪ್ರತಿ ಜೀವಕೋಶದಲ್ಲಿ ಡಿಎನ್‌ಎಗೆ, ಅಂದರೆ ಜೀನ್‌ಗಳೆಲ್ಲ ಇರುವ ಎರಡೆಳೆಯ ದಾರಕ್ಕೆ, ದಿನವೂ ಏಟು ಬೀಳುತ್ತಿರುತ್ತದೆ. ಅದನ್ನು ರಿಪೇರಿ ಮಾಡುವ ಕೆಲಸಗಾರರೂ ಅಲ್ಲೇ ಇರುತ್ತಾರೆ. ಬಿಆರ್‌ಸಿಎ1, ಬಿಆರ್‌ಸಿಎ2 ಅನ್ನುವ ಜೀನ್‌ಗಳು ಇಂಥ ರಿಪೇರಿಗೆ ಬೇಕಾದ ಪ್ರೋಟೀನ್ ತಯಾರಿಸುತ್ತವೆ. ಡಿಎನ್‌ಎಯ ಎರಡೂ ಎಳೆ ತುಂಡಾದಾಗ ತಪ್ಪಿಲ್ಲದೆ ಜೋಡಿಸುವುದು ಇವುಗಳ ಮುಖ್ಯ ಕೆಲಸ. ಪ್ರತಿ ಜೀನಿಗೂ ನಮ್ಮಲ್ಲಿ ಎರಡು ಪ್ರತಿ ಇರುತ್ತದೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದರೂ ಇನ್ನೊಂದು ಕೆಲಸ ಸಾಗಿಸುತ್ತದೆ. ವರ್ಷಗಳು ಕಳೆದಂತೆ ಯಾವುದೋ ಒಂದು ಜೀವಕೋಶದಲ್ಲಿ ಆ ಎರಡನೆಯದೂ ಕೈಕೊಟ್ಟರೆ, ಅಲ್ಲಿಂದ ತೊಂದರೆ ಶುರು. ಈ ಎರಡು ಏಟಿನ ಲೆಕ್ಕವನ್ನು ಆಲ್ಫ್ರೆಡ್ ನುಡ್ಸನ್ ಅನ್ನುವ ಅಮೆರಿಕದ ಡಾಕ್ಟರ್ 1971ರಲ್ಲಿ ಮಕ್ಕಳ ಕಣ್ಣಿನ ಒಂದು ಕ್ಯಾನ್ಸರ್ ನೋಡಿ ಮುಂದಿಟ್ಟರು. ಎಲ್ಲರಿಗೂ ಎರಡು ಏಟು ಬೀಳಬೇಕಾದ ಕಡೆ, ವಂಶದಲ್ಲಿ ದೋಷ ಇರುವವರು ಒಂದು ಏಟು ತಿಂದೇ ಹುಟ್ಟಿರುತ್ತಾರೆ. ಚಿಕ್ಕ ವಯಸ್ಸಿಗೇ ಕ್ಯಾನ್ಸರ್ ಬರುವುದು ಇದಕ್ಕೇ.

ದೋಷ ಇರುವ ತಾಯಿ ಅಥವಾ ತಂದೆಯಿಂದ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಪ್ರತಿ ಮಗುವಿಗೂ ಹೊಸದಾಗಿ ನಾಣ್ಯ ಚಿಮ್ಮಿದ ಹಾಗೆ. "ಅಕ್ಕನಿಗೆ ಬಂತು, ಹಾಗಾಗಿ ನಾನು ಬಚಾವ್" ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ.

ಅಪ್ಪನ ಕಡೆಯವರ ಕ್ಯಾನ್ಸರ್ ನನಗೆ ಯಾಕೆ ಲೆಕ್ಕ? ಇದು ಹೆಂಗಸರ ಕಾಯಿಲೆ ಅಲ್ವಾ?

ನನ್ನ ಪ್ರಕಾರ ಅತಿ ಜಾಸ್ತಿ ತಪ್ಪು ತಿಳಿವಳಿಕೆ ಇರುವುದೇ ಇಲ್ಲಿ. ಕ್ಯಾನ್ಸರ್ ಬರುವುದು ಸ್ತನಕ್ಕೆ, ಅಂಡಾಶಯಕ್ಕೆ ಇರಬಹುದು. ಆದರೆ ಬಿಆರ್‌ಸಿಎ1 ಇರುವುದು 17ನೇ ಕ್ರೋಮೋಸೋಮಿನಲ್ಲಿ (ಕ್ರೋಮೋಸೋಮ್ ಅಂದರೆ ಜೀನ್‌ಗಳ ಒಂದು ಕಟ್ಟು), ಬಿಆರ್‌ಸಿಎ2 ಇರುವುದು 13ರಲ್ಲಿ. ಎರಡೂ ಹೆಣ್ಣು ಗಂಡು ಇಬ್ಬರಲ್ಲೂ ಒಂದೇ ಥರ ಇರುವ ಕ್ರೋಮೋಸೋಮುಗಳು. ಅಪ್ಪನಿಗೆ ಏನೂ ಆಗದೆ ಅಪ್ಪನಿಂದ ಮಗಳಿಗೆ ದೋಷ ದಾಟಬಹುದು.

ಅದಕ್ಕೇ ಒಂದು ತಲೆಮಾರು ಬಿಟ್ಟು ಬಂತು ಅನ್ನುವ ಮಾತು ಹುಟ್ಟಿಕೊಂಡಿರುವುದು. ದೋಷ ತಲೆಮಾರು ಹಾರಲ್ಲ. ನಡುವೆ ಒಬ್ಬ ಗಂಡಸಿನಲ್ಲಿ ಸುಮ್ನೆ ಕೂತಿರುತ್ತದೆ ಅಷ್ಟೇ. ಅಜ್ಜಿಗೆ, ಅಂದರೆ ಅಪ್ಪನ ಅಮ್ಮನಿಗೆ, ಅಂಡಾಶಯದ ಕ್ಯಾನ್ಸರ್. ಸೋದರತ್ತೆಗೆ 44ಕ್ಕೆ ಸ್ತನ ಕ್ಯಾನ್ಸರ್. ಅಪ್ಪ ಗಟ್ಟಿಮುಟ್ಟು. ಮಗಳು ಡಾಕ್ಟರ್ ಹತ್ತಿರ ಹೋದಾಗ "ಅಮ್ಮನಿಗೋ ಅಕ್ಕತಂಗಿಯರಿಗೋ ಇತ್ತಾ?" ಅಂತ ಮಾತ್ರ ಕೇಳಿದರೆ, ಅವಳು ನಿಜವನ್ನೇ ಹೇಳುತ್ತಾಳೆ: "ಇಲ್ಲ". ಅಲ್ಲಿಗೆ ಮಾತು ಮುಗಿಯುತ್ತದೆ. ಯಾರೂ ಕೇಳದಿದ್ದರೂ ಅಪ್ಪನ ಕಡೆಯದನ್ನು ನೀವೇ ಬಾಯಿಬಿಟ್ಟು ಹೇಳಿ.

ಗಂಡಸರು ಪೂರ್ತಿ ಪಾರು ಅಂತಲೂ ಅಲ್ಲ. ಬಿಆರ್‌ಸಿಎ2 ದೋಷ ಇರುವ 100 ಗಂಡಸರಲ್ಲಿ ಸುಮಾರು 7 ಜನರಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರಬಹುದು. ಪ್ರಾಸ್ಟೇಟ್ ಕ್ಯಾನ್ಸರ್, ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಕ್ಯಾನ್ಸರ್ ಅಪಾಯವೂ ಏರುತ್ತದೆ. ಹಾಗಾಗಿ ಬಳಗದ ಗಂಡಸರ ಕ್ಯಾನ್ಸರೂ ಪಟ್ಟಿಯಲ್ಲಿ ಇರಲಿ.

ಬಿಆರ್‌ಸಿಎ ಒಂದೇನಾ, ಬೇರೆ ಜೀನ್‌ಗಳೂ ಇವೆಯಾ?

ಇವೆ. ವಿಜ್ಞಾನಿ ಮೇರಿ ಕ್ಲೇರ್ ಕಿಂಗ್ ಅವರ ತಂಡ 1990ರಲ್ಲಿ ಬಿಆರ್‌ಸಿಎ1 ಇರುವ ಜಾಗ ತೋರಿಸಿತು. 1994ರಲ್ಲಿ ಆ ಜೀನ್, ಮರುವರ್ಷ ಬಿಆರ್‌ಸಿಎ2 ಕೈಗೆ ಸಿಕ್ಕವು. ಈ ಎರಡರ ಹೆಸರು ಎಲ್ಲರ ಬಾಯಿಗೆ ಬಂದಿದ್ದು 2013ರಲ್ಲಿ, ನಟಿ ಆಂಜೆಲಿನಾ ಜೋಲಿ ತನಗೆ ಬಿಆರ್‌ಸಿಎ1 ದೋಷ ಇದೆ, ಮುಂಜಾಗ್ರತೆಗೆ ಎರಡೂ ಸ್ತನ ತೆಗೆಸಿದ್ದೇನೆ ಅಂತ ಬಹಿರಂಗವಾಗಿ ಹೇಳಿದಾಗ. ಪಿಎಎಲ್‌ಬಿ2 ಅನ್ನುವ ಜೀನಿನ ದೋಷವೂ ಸ್ತನ ಕ್ಯಾನ್ಸರ್ ಅಪಾಯವನ್ನು ಸಾಕಷ್ಟು ಏರಿಸುತ್ತದೆ. ಸಿಎಚ್‌ಇಕೆ2, ಎಟಿಎಂ ಮಧ್ಯಮ. ಟಿಪಿ53 ದೋಷ ಅಪರೂಪ, ಆದರೆ ಅದಿದ್ದರೆ ಚಿಕ್ಕ ಮಕ್ಕಳಿಗೂ ಕ್ಯಾನ್ಸರ್ ಬರಬಹುದು.

ಹೆಂಗಸರ ಆರೋಗ್ಯದ ಮಾತು ಬಂದಾಗ ಲಿಂಚ್ ಸಿಂಡ್ರೋಮ್ ಹೆಸರು ಸಾಕಷ್ಟು ಕೇಳಿಬರಲ್ಲ. ಅದು ನನಗೆ ಬೇಸರದ ವಿಷಯ. ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಅನ್ನುವ ಜೀನ್‌ಗಳ ದೋಷದಿಂದ ಬರುವುದು ಇದು. ದೊಡ್ಡ ಕರುಳಿನ ಕ್ಯಾನ್ಸರ್ ಜೊತೆಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ತರುತ್ತದೆ. ಎಷ್ಟೋ ಹೆಂಗಸರಲ್ಲಿ ಮೊದಲು ಕಾಣಿಸುವುದು ಗರ್ಭಕೋಶದ್ದೇ.

ಇದರ ಹಿಂದೆ ಒಂದು ಕತೆ ಇದೆ. 1895ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಒಬ್ಬಳು ಹೆಣ್ಣುಮಗಳು ಆಲ್ಡ್ರೆಡ್ ವಾರ್ಥಿನ್ ಅನ್ನುವ ಡಾಕ್ಟರ್ ಹತ್ತಿರ ತನ್ನ ಚಿಂತೆ ಹೇಳಿಕೊಂಡಳು. ನಮ್ಮ ಮನೆಯಲ್ಲಿ ಎಲ್ಲರೂ ಕರುಳಿನ, ಗರ್ಭಕೋಶದ ಕ್ಯಾನ್ಸರಿನಿಂದಲೇ ಸಾಯುತ್ತಾರೆ, ನನ್ನದೂ ಹಾಗೇ ಆಗುತ್ತದೆ ಅಂದಳು. ವಾರ್ಥಿನ್ ಆ ಮಾತನ್ನು ತಳ್ಳಿಹಾಕಲಿಲ್ಲ. ಅವಳ ಬಳಗದವರ ಲೆಕ್ಕ ಬರೆಯತೊಡಗಿದರು, 1913ರಲ್ಲಿ ಪ್ರಕಟಿಸಿದರು. ಅವಳು ಹೇಳಿದಂತೆಯೇ ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ದಶಕಗಳಾದ ಮೇಲೆ ಹೆನ್ರಿ ಲಿಂಚ್ ಅನ್ನುವ ಡಾಕ್ಟರ್ ಅದೇ ಬಳಗದ ಮುಂದಿನ ತಲೆಮಾರುಗಳನ್ನು ಹುಡುಕಿ ಅಧ್ಯಯನ ಮಾಡಿದರು. ಕೊನೆಗೆ ಎಂಎಸ್‌ಎಚ್2ನಲ್ಲಿ ದೋಷ ಸಿಕ್ಕಿತು. ಡಿಎನ್‌ಎ ಅಂದರೆ ಏನು ಅಂತ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ, ತನ್ನ ಮನೆಯ ಸಾವುಗಳನ್ನು ಎಣಿಸಿಯೇ ಆ ಹೆಣ್ಣುಮಗಳು ವಿಷಯ ಹಿಡಿದಿದ್ದಳು.

ಹಾಗಾದರೆ ಯಾರು ಪರೀಕ್ಷೆ ಮಾಡಿಸಬೇಕು?

ನಿಮಗಾಗಲಿ, ರಕ್ತಸಂಬಂಧಿಗಳಿಗಾಗಲಿ ಕೆಳಗಿನದರಲ್ಲಿ ಯಾವುದಾದರೂ ಇದ್ದರೆ ಕೇಳಿ ನೋಡುವುದು ಒಳ್ಳೆಯದು:

- 50 ವರ್ಷದ ಒಳಗೆ ಸ್ತನ ಕ್ಯಾನ್ಸರ್ ಅಥವಾ ಗರ್ಭಕೋಶದ ಒಳಪದರದ ಕ್ಯಾನ್ಸರ್
- ಯಾವ ವಯಸ್ಸಿನಲ್ಲೇ ಆಗಲಿ ಅಂಡಾಶಯ, ಫೆಲೋಪಿಯನ್ ನಾಳ (ಅಂಡಾಶಯದ ಕಡೆಯಿಂದ ಗರ್ಭಕೋಶಕ್ಕೆ ಹೋಗುವ ನಾಳ) ಅಥವಾ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್
- ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್ (ಗಡ್ಡೆಯ ಮೇಲೆ ಮಾಡುವ ಹಾರ್ಮೋನಿನ ಎರಡು, ಹೆರ್2 ಒಂದು, ಮೂರೂ ಪರೀಕ್ಷೆ ನೆಗೆಟಿವ್ ಬಂದದ್ದು), ಅಥವಾ ಎರಡೂ ಸ್ತನಗಳಲ್ಲಿ ಬೇರೆ ಬೇರೆಯಾಗಿ ಬಂದದ್ದು
- ಗಂಡಸಿಗೆ ಸ್ತನ ಕ್ಯಾನ್ಸರ್
- ಒಂದೇ ಕಡೆಯ ಬಳಗದಲ್ಲಿ ಮೂರು ನಾಲ್ಕು ಜನರಿಗೆ ಸ್ತನ, ಅಂಡಾಶಯ, ಪ್ರಾಸ್ಟೇಟ್, ಕರುಳು, ಗರ್ಭಕೋಶದ ಕ್ಯಾನ್ಸರ್‌ಗಳು
- ಬಳಗದಲ್ಲಿ ಯಾರಿಗಾದರೂ ಈಗಾಗಲೇ ಜೀನಿನ ದೋಷ ಸಿಕ್ಕಿರುವುದು

ಕೆಲವು ಸಮುದಾಯಗಳಲ್ಲಿ ಒಂದೇ ಹಳೇ ದೋಷ ತಲತಲಾಂತರದಿಂದ ಉಳಿದುಕೊಂಡು ಬಂದಿರುತ್ತದೆ. ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಸುಮಾರು 40 ಜನರಲ್ಲಿ ಒಬ್ಬರಿಗೆ ಬಿಆರ್‌ಸಿಎ ದೋಷ ಇರುತ್ತದೆ. ಐಸ್‌ಲ್ಯಾಂಡಿನಲ್ಲಿ ಬಿಆರ್‌ಸಿಎ2ರ ಒಂದು ನಿರ್ದಿಷ್ಟ ದೋಷ ಅಲ್ಲಿನವರಲ್ಲಿ ಹರಡಿದೆ.

ಬಳಗ ಚಿಕ್ಕದಿದ್ದರೆ, ಹೆಣ್ಣುಮಕ್ಕಳೇ ಕಡಿಮೆ ಇದ್ದರೆ, ದತ್ತು ಬಂದವರಾಗಿದ್ದರೆ ಈ ಪಟ್ಟಿ ಅಷ್ಟಾಗಿ ಕೆಲಸಕ್ಕೆ ಬರಲ್ಲ. ಅಪ್ಪನಿಗೆ ಬರೀ ಅಣ್ಣತಮ್ಮಂದಿರೇ ಇದ್ದರೆ ಯಾರಲ್ಲೂ ಏನೂ ಕಾಣಿಸದೇ ಇರಬಹುದು. ಅದನ್ನೂ ಕೌನ್ಸೆಲರಿಗೆ ಹೇಳಿ.

ವಂಶದ ಚಿತ್ರ ಬರೆಯುವುದು ಹೇಗೆ?

ಹಾಳೆ ಅಡ್ಡ ಇಟ್ಟುಕೊಳ್ಳಿ. ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ. ಕೆಳಗೆ ನೀವು ಮತ್ತು ಒಡಹುಟ್ಟಿದವರು, ನಡುವಿನ ಸಾಲಿನಲ್ಲಿ ಅಪ್ಪ ಅಮ್ಮ ಮತ್ತು ಅವರ ಒಡಹುಟ್ಟಿದವರು, ಮೇಲೆ ನಾಲ್ಕು ಜನ ಅಜ್ಜ ಅಜ್ಜಿಯರು. ಕ್ಯಾನ್ಸರ್ ಬಂದವರ ಗುರುತಿನ ಒಳಗೆ ಬಣ್ಣ ತುಂಬಿ. ತೀರಿಕೊಂಡವರಿಗೆ ಮೇಲೆ ಒಂದು ಓರೆ ಗೆರೆ. ಪಕ್ಕದಲ್ಲಿ ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿಗೆ ಗೊತ್ತಾಯಿತು ಅಂತ ಬರೆಯಿರಿ. ಎಷ್ಟನೇ ವಯಸ್ಸಿಗೆ ಸತ್ತರು ಅನ್ನುವುದಲ್ಲ, ಗೊತ್ತಾದಾಗ ಎಷ್ಟಾಗಿತ್ತು ಅನ್ನುವುದು ಮುಖ್ಯ. ಏನೂ ಆಗದವರನ್ನೂ ಬಿಡಬೇಡಿ. 80 ದಾಟಿದ ನಾಲ್ಕು ಜನ ಅತ್ತೆಯರಿಗೆ ಏನೂ ಆಗಿಲ್ಲ ಅನ್ನುವುದೂ ದೊಡ್ಡ ಸುದ್ದಿಯೇ.

ಕಷ್ಟ ಇರುವುದು ಹಳಬರ ಮಾತಿನಲ್ಲಿ. "ಹೊಟ್ಟೆಯಲ್ಲಿ ಗಡ್ಡೆ ಆಗಿತ್ತು", "ಹೊಟ್ಟೆಯಲ್ಲಿ ನೀರು ತುಂಬಿ ಹೋದಳು", "ಗರ್ಭಕೋಶ ತೆಗೆದರು, ಆಮೇಲೆ ಉಳಿಯಲಿಲ್ಲ" ಅಂತಾರೆ. ಕ್ಯಾನ್ಸರ್ ಅನ್ನುವ ಪದವೇ ಬರಲ್ಲ. ಹೊಟ್ಟೆಯಲ್ಲಿ ನೀರು ತುಂಬುವುದು ಲಿವರ್ ತೊಂದರೆಯಿಂದಲೂ ಆಗುತ್ತದೆ, ಅಂಡಾಶಯದ ಕ್ಯಾನ್ಸರಿನಿಂದಲೂ ಆಗುತ್ತದೆ. ಹಾಗಾಗಿ ಮಾತು ಅಲ್ಲಿಗೇ ಬಿಡಬೇಡಿ. ಆಪರೇಷನ್ ಆಗಿತ್ತಾ? ಕೂದಲು ಉದುರಿತ್ತಾ? ಕರೆಂಟ್ ಕೊಟ್ಟಿದ್ದರಾ? (ರೇಡಿಯೇಷನ್‌ಗೆ ಹಳಬರು ಇಟ್ಟ ಹೆಸರು.) ಟ್ರಂಕಿನ ತಳದಲ್ಲಿ ಹಳೇ ಬಯಾಪ್ಸಿ ರಿಪೋರ್ಟ್ ಸಿಕ್ಕರಂತೂ ಫೋಟೋ ತೆಗೆದಿಟ್ಟುಕೊಳ್ಳಿ.

ಮನೆಯಲ್ಲಿ ಮೊದಲು ಯಾರು ಪರೀಕ್ಷೆ ಮಾಡಿಸಬೇಕು? ನಾನಾ, ಕ್ಯಾನ್ಸರ್ ಬಂದ ಚಿಕ್ಕಮ್ಮನಾ?

ಚಿಕ್ಕಮ್ಮ. ಆಕೆ ಇದ್ದರೆ, ಒಪ್ಪಿದರೆ, ಮೊದಲು ಆಕೆಯೇ.

ಕಾರಣ ಇಷ್ಟೇ. ಆಕೆಯಲ್ಲಿ ದೋಷ ಸಿಕ್ಕಿತು ಅಂದುಕೊಳ್ಳಿ. ಆಗ ನಿಮಗೆ ಆ ಒಂದೇ ಜಾಗ ನೋಡಿದರೆ ಸಾಕು. ನಿಮ್ಮಲ್ಲಿ ಅದು ಇಲ್ಲದಿದ್ದರೆ, ಆ ಮನೆತನದ ಅಪಾಯ ನಿಮಗೆ ದಾಟಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ಉಳಿಯುವುದು ಎಲ್ಲ ಹೆಂಗಸರಿಗೂ ಇರುವಷ್ಟೇ ಅಪಾಯ. ಆದರೆ ಚಿಕ್ಕಮ್ಮನನ್ನು ಬಿಟ್ಟು ನೀವೇ ಮೊದಲು ಮಾಡಿಸಿ ಏನೂ ಸಿಗದಿದ್ದರೆ, ಅದಕ್ಕೆ ಎರಡು ಅರ್ಥ. ಮನೆಯಲ್ಲಿ ದೋಷ ಇದೆ, ನಿಮಗೆ ಬಂದಿಲ್ಲ. ಅಥವಾ ಈ ಪರೀಕ್ಷೆಗೆ ಸಿಗದ ಇನ್ನೇನೋ ಇದೆ, ಅದು ನಿಮ್ಮಲ್ಲೂ ಇರಬಹುದು. ಯಾವುದು ಅಂತ ಹೇಳಲು ಬರಲ್ಲ. ನೆಮ್ಮದಿ ಅಂದುಕೊಂಡಿದ್ದು ಅರ್ಧಂಬರ್ಧ ನೆಮ್ಮದಿ ಆಗಿಬಿಡುತ್ತದೆ.

ಕ್ಯಾನ್ಸರ್ ಬಂದವರು ಯಾರೂ ಉಳಿದಿಲ್ಲ ಅಂದರೆ ನೀವೇ ಮಾಡಿಸಬಹುದು, ತಪ್ಪೇನಿಲ್ಲ. ಉತ್ತರ ಎಷ್ಟು ಗಟ್ಟಿ ಅನ್ನುವುದನ್ನು ಮೊದಲೇ ತಿಳಿದುಕೊಂಡಿರಿ.

ಪರೀಕ್ಷೆ ಹೇಗಿರುತ್ತದೆ? ನೋವಾಗುತ್ತಾ?

ಮಾಮೂಲಿ ರಕ್ತ ಪರೀಕ್ಷೆ ಹಾಗೇ. ಉಪವಾಸ ಇರಬೇಕಿಲ್ಲ. ಕೆಲವು ಕಡೆ ಎಂಜಲು ಕೇಳುತ್ತಾರೆ. ಅದಕ್ಕೆ ಮುಂಚೆ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು, ಏನೂ ಅಗಿಯಬಾರದು. ಟ್ಯೂಬಿನ ಗೆರೆಯವರೆಗೆ ಎಂಜಲು ಬರಬೇಕು, ನೊರೆ ಲೆಕ್ಕಕ್ಕಿಲ್ಲ. ಸುಲಭ ಅನ್ನಿಸುತ್ತದೆ, ಆದರೆ ಬಾಯಿ ಒಣಗಿದಾಗ ಆ ಎರಡು ಮಿಲಿಲೀಟರ್ ತುಂಬಿಸುವುದು ಸಾಹಸವೇ. ಕೆನ್ನೆಯನ್ನು ಹೊರಗಿಂದ ಮೆಲ್ಲಗೆ ಒತ್ತಿಕೊಂಡರೆ ಬರುತ್ತದೆ. ರಿಪೋರ್ಟಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ.

ಬೇರೆಯವರ ಅಸ್ಥಿಮಜ್ಜೆ ಹಾಕಿಸಿಕೊಂಡವರು ಮಾತ್ರ ಮೊದಲೇ ಹೇಳಬೇಕು. ಅವರ ರಕ್ತದಲ್ಲಿರುವುದು ದಾನಿಯ ಡಿಎನ್‌ಎ. ಎಂಜಲಿನಲ್ಲೂ ಅದು ಬೆರೆತಿರುತ್ತದೆ. ಅವರಿಗೆ ಚರ್ಮದ ಒಂದು ಚೂರು ತೆಗೆದು ಪರೀಕ್ಷೆ ಮಾಡುತ್ತಾರೆ.

ರಿಪೋರ್ಟಿನಲ್ಲಿ ಏನೇನು ಬರಬಹುದು?

ಮೂರು ಥರದ ಉತ್ತರ.

ಪಾಸಿಟಿವ್: ಅಪಾಯ ಏರಿಸುವ ದೋಷ ಸಿಕ್ಕಿದೆ. ಕ್ಯಾನ್ಸರ್ ಸಿಕ್ಕಿದೆ ಅಂತಲ್ಲ. ಈ ಎರಡನ್ನು ಕಲಸಿಕೊಂಡು ಕಂಗಾಲಾಗುವವರು ಇದ್ದಾರೆ.

ನೆಗೆಟಿವ್: ಹುಡುಕಿದ ಜೀನ್‌ಗಳಲ್ಲಿ ದೋಷ ಸಿಗಲಿಲ್ಲ. ಮನೆಯಲ್ಲಿ ಸಿಕ್ಕಿದ್ದ ದೋಷ ನಿಮ್ಮಲ್ಲಿಲ್ಲ ಅಂದರೆ ಅದು ನಿಜವಾದ ನೆಗೆಟಿವ್. ಮನೆಯಲ್ಲಿ ಏನೂ ಗೊತ್ತಿಲ್ಲದೆ ಬಂದ ನೆಗೆಟಿವ್‌ಗೆ ಅಷ್ಟು ಬಲ ಇಲ್ಲ. ಮೂರು ಜನಕ್ಕೆ ಕ್ಯಾನ್ಸರ್ ಬಂದ ಮನೆಯಾದರೆ ಆ ಇತಿಹಾಸದ ಮೇಲೆಯೇ ತಪಾಸಣೆ ಮುಂದುವರಿಸಬೇಕು.

ಮೂರನೆಯದು ವಿಯುಎಸ್. ಜೀನಿನಲ್ಲಿ ಒಂದು ಬದಲಾವಣೆ ಕಂಡಿದೆ, ಅದು ಕೆಟ್ಟದ್ದೋ ಸಾಧುವೋ ಇನ್ನೂ ತಿಳಿದಿಲ್ಲ. ಇಲ್ಲೇ ಜನ ಎಡವುವುದು. ಮುಂದೆ ತಿಳಿವಳಿಕೆ ಬೆಳೆದ ಹಾಗೆ ಇವುಗಳ ಹಣೆಪಟ್ಟಿ ಬದಲಾಗುತ್ತದೆ, ಹಾಗೆ ಬದಲಾದವುಗಳಲ್ಲಿ ಬಹುಪಾಲು ಸಾಧು ಅಂತಲೇ ಆಗುತ್ತವೆ. ಹಾಗಾಗಿ ಬರೀ ವಿಯುಎಸ್ ನೋಡಿ ಅಂಡಾಶಯ ತೆಗೆಸುವುದು, ಮಕ್ಕಳಿಗೆಲ್ಲ ಪರೀಕ್ಷೆ ಮಾಡಿಸುವುದು ತಪ್ಪು. ಇದನ್ನು ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಪರೀಕ್ಷೆಯಲ್ಲಿ ಜೀನ್‌ಗಳು ಜಾಸ್ತಿಯಾದಷ್ಟೂ ವಿಯುಎಸ್ ಸಿಗುವುದೂ ಜಾಸ್ತಿ. 80 ಜೀನ್ ನೋಡುವ ಪರೀಕ್ಷೆ 20 ಜೀನ್ ನೋಡುವುದಕ್ಕಿಂತ ನಾಲ್ಕು ಪಟ್ಟು ಒಳ್ಳೆಯದು ಅಂತೇನಿಲ್ಲ.

ಇನ್ನೊಂದು ಸಣ್ಣ ವಿಷಯ. ಒಂದೇ ದೋಷಕ್ಕೆ ಎರಡು ಹೆಸರು ಇರಬಹುದು. ಬಿಆರ್‌ಸಿಎ1ರ ಒಂದು ದೋಷಕ್ಕೆ ಹಳೇ ರಿಪೋರ್ಟುಗಳಲ್ಲಿ 185ಡೆಲ್‌ಎಜಿ ಅಂತ ಇರುತ್ತಿತ್ತು. ಹೊಸದರಲ್ಲಿ ಸಿ.68_69ಡೆಲ್‌ಎಜಿ ಅಂತ ಇರುತ್ತದೆ. ಎರಡೂ ಒಂದೇ. ಅಮ್ಮನ ಹಳೇ ರಿಪೋರ್ಟಿಗೂ ನಿಮ್ಮದಕ್ಕೂ ನಂಬರ್ ಹೊಂದುತ್ತಿಲ್ಲ ಅಂದರೆ ನಿಮ್ಮದು ಬೇರೆ ದೋಷ ಅಂತ ನೀವೇ ತೀರ್ಮಾನಿಸಬೇಡಿ.

ಪಾಸಿಟಿವ್ ಬಂದರೆ ಅಪಾಯ ಎಷ್ಟು?

80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಬಿಆರ್‌ಸಿಎ1 ದೋಷ ಇದ್ದರೆ ಸುಮಾರು ಶೇ. 72, ಬಿಆರ್‌ಸಿಎ2 ಇದ್ದರೆ ಸುಮಾರು ಶೇ. 69. ಅಂಡಾಶಯದ ಕ್ಯಾನ್ಸರಿಗೆ ಬಿಆರ್‌ಸಿಎ1ರಲ್ಲಿ ಶೇ. 44, ಬಿಆರ್‌ಸಿಎ2ರಲ್ಲಿ ಶೇ. 17. ದೊಡ್ಡ ಸಂಖ್ಯೆಯ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದ ಅಂಕಿಗಳು ಇವು. ದೋಷ ಇಲ್ಲದ ಹೆಂಗಸರಲ್ಲಿ ಅಂಡಾಶಯದ ಕ್ಯಾನ್ಸರ್ 100ರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವಂಥದ್ದು.

ಶೇ. 72 ಅಂದರೆ ನಾಳೆಯೇ ಬರುವ ಅಪಾಯ ಅಲ್ಲ. ಅದು ಇಡೀ ಜೀವಮಾನದ ಮೊತ್ತ. 30 ವರ್ಷದವಳಿಗೆ ಮುಂದಿನ ಐದು ವರ್ಷದ ಅಪಾಯ ಇದರಲ್ಲಿ ಸಣ್ಣ ಪಾಲು ಮಾತ್ರ. ಕೌನ್ಸೆಲರ್ ಹತ್ತಿರ "ಮುಂದಿನ ಹತ್ತು ವರ್ಷಕ್ಕೆ ನನ್ನ ಲೆಕ್ಕ ಎಷ್ಟು?" ಅಂತ ಕೇಳಿ. ತೀರ್ಮಾನ ಮಾಡುವುದಕ್ಕೆ ಬೇಕಾಗುವುದು ಆ ಸಂಖ್ಯೆ.

ಪಾಸಿಟಿವ್ ಬಂದ ಮೇಲೆ ಏನು ಮಾಡುತ್ತಾರೆ? ಎಲ್ಲಾ ತೆಗೆಸಲೇಬೇಕಾ?

ಸ್ತನದ ವಿಷಯದಲ್ಲಿ ಎರಡು ದಾರಿ ಇವೆ, ಎರಡೂ ಮರ್ಯಾದೆಯ ದಾರಿಗಳೇ. ಒಂದು, ಹತ್ತಿರದಿಂದ ಗಮನಿಸುತ್ತಾ ಇರುವುದು. ಬಿಆರ್‌ಸಿಎ ದೋಷ ಇರುವವರಿಗೆ 25ರಿಂದ ವರ್ಷಕ್ಕೊಮ್ಮೆ ಎಂಆರ್‌ಐ, 30ರಿಂದ ಅದರ ಜೊತೆ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಮಾಡಿಸುವುದು ವಾಡಿಕೆ. ಮುಟ್ಟಾದ ಮೊದಲ ದಿನದಿಂದ ಎಣಿಸಿ 7ರಿಂದ 15ನೇ ದಿನದ ಒಳಗೆ ಎಂಆರ್‌ಐ ಮಾಡಿಸಿದರೆ ಚಿತ್ರ ಚೊಕ್ಕವಾಗಿ ಬರುತ್ತದೆ. ಇನ್ನೊಂದು, ಎರಡೂ ಸ್ತನಗಳನ್ನು ತೆಗೆಸುವುದು. ಅದರಿಂದ ಸ್ತನ ಕ್ಯಾನ್ಸರ್ ಅಪಾಯ ಶೇ. 90ರಷ್ಟು ಅಥವಾ ಇನ್ನೂ ಜಾಸ್ತಿ ಇಳಿಯುತ್ತದೆ. ಪೂರ್ತಿ ಸೊನ್ನೆ ಆಗುವುದಿಲ್ಲ. ಯಾವುದನ್ನು ಆರಿಸಿದರೂ ಅವಸರ ಇಲ್ಲ. ರಿಪೋರ್ಟ್ ಬಂದ ವಾರದಲ್ಲೇ ಆಪರೇಷನ್ ದಿನ ಗೊತ್ತು ಮಾಡುವ ಒತ್ತಡ ಯಾರಾದರೂ ಹಾಕಿದರೆ ಇನ್ನೊಬ್ಬ ಡಾಕ್ಟರನ್ನು ನೋಡಿ.

ಅಂಡಾಶಯದ ಕತೆ ಬೇರೆ. ಮುಂದಿನ ಪ್ರಶ್ನೆ ನೋಡಿ.

ಅಂಡಾಶಯಕ್ಕೂ ವರ್ಷಾ ವರ್ಷಾ ಸ್ಕ್ಯಾನ್ ಮಾಡಿಸಿಕೊಂಡು ಇರಬಾರದಾ?

ಹಾಗೆ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಆಗಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ಸಿಎ 125 ರಕ್ತ ಪರೀಕ್ಷೆ (ಅಂಡಾಶಯದ ಕ್ಯಾನ್ಸರಿನಲ್ಲಿ ಏರಬಹುದಾದ ಒಂದು ಪ್ರೋಟೀನಿನ ಪರೀಕ್ಷೆ) ಮತ್ತು ಸ್ಕ್ಯಾನ್ ಇಟ್ಟುಕೊಂಡು ದೊಡ್ಡ ಅಧ್ಯಯನ ನಡೆಯಿತು. ಅವರು ವಂಶದ ದೋಷ ಇದ್ದವರಲ್ಲ, ಸಾಮಾನ್ಯ ಹೆಂಗಸರು. 2021ರಲ್ಲಿ ಬಂದ ಅಂತಿಮ ಫಲಿತಾಂಶದಲ್ಲಿ, ಹಾಗೆ ತಪಾಸಣೆ ಮಾಡಿದ್ದರಿಂದ ಅಂಡಾಶಯದ ಕ್ಯಾನ್ಸರ್ ಸಾವು ಕಡಿಮೆಯಾಗಲಿಲ್ಲ. ವಂಶದ ದೋಷ ಇರುವವರಲ್ಲೂ ಸ್ಕ್ಯಾನ್ ಜೀವ ಉಳಿಸುತ್ತದೆ ಅನ್ನುವುದು ಸಾಬೀತಾಗಿಲ್ಲ. ಸ್ಕ್ಯಾನಿನಲ್ಲಿ ಏನೂ ಇಲ್ಲ ಅಂತ ಬಂದ ಕೆಲವೇ ತಿಂಗಳಲ್ಲಿ ಹೊಟ್ಟೆ ತುಂಬ ಹರಡಿದ ಕ್ಯಾನ್ಸರ್ ಸಿಕ್ಕಿದ್ದೂ ಇದೆ.

ಹಾಗಾಗಿ ಮಕ್ಕಳಾದ ಮೇಲೆ ಅಂಡಾಶಯ ಮತ್ತು ಫೆಲೋಪಿಯನ್ ನಾಳ ಎರಡನ್ನೂ ತೆಗೆಸಿ ಅನ್ನುತ್ತಾರೆ. ಬಿಆರ್‌ಸಿಎ1ರಲ್ಲಿ 35ರಿಂದ 40ರೊಳಗೆ, ಬಿಆರ್‌ಸಿಎ2ರಲ್ಲಿ 40ರಿಂದ 45ರೊಳಗೆ. ಅಪಾಯ ಶೇ. 80ರಷ್ಟು ಇಳಿಯುತ್ತದೆ. ನಾಳ ಯಾಕೆ ಅಂದರೆ, ಅಂಡಾಶಯದ ಕ್ಯಾನ್ಸರ್ ಅಂತ ಕರೆಯುವ ಅತಿ ಸಾಮಾನ್ಯ ಬಗೆ ಎಷ್ಟೋ ಸಲ ಶುರುವಾಗುವುದು ನಾಳದ ತುದಿಯಲ್ಲಿ, ಅಂಡಾಶಯದ ಕಡೆ ಚಾಚಿಕೊಂಡ ಜಾಲರಿಯಂಥ ಎಳೆಗಳಲ್ಲಿ. ಆಪರೇಷನ್ ಆದ ಮೇಲೆ ಲ್ಯಾಬಿನವರು ಆ ತುದಿಯನ್ನು ತೆಳು ತೆಳು ಹೋಳು ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಕಣ್ಣಿಗೆ ಚೊಕ್ಕವಾಗಿ ಕಂಡ ನಾಳದಲ್ಲೂ ಕೆಲವೊಮ್ಮೆ ಕ್ಯಾನ್ಸರಿನ ಮೊಳಕೆ ಸಿಗುತ್ತದೆ. "ವಂಶದ ದೋಷಕ್ಕೆ ತೆಗೆಸಿದ್ದು" ಅಂತ ಲ್ಯಾಬಿನ ಚೀಟಿಯಲ್ಲಿ ಬರೆದಿದೆಯಾ ಅಂತ ಆಪರೇಷನ್‌ಗೆ ಮುಂಚೆಯೇ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನೂ ಮಕ್ಕಳಾಗಬೇಕು, ಈಗಲೇ ತೆಗೆಸಲ್ಲ ಅನ್ನುವವರಿಗೆ ಗರ್ಭನಿರೋಧಕ ಮಾತ್ರೆಯ ಮಾತು ಬರುತ್ತದೆ. ವರ್ಷಗಟ್ಟಲೆ ತೆಗೆದುಕೊಂಡರೆ ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸ್ತನದ ಮೇಲಿನ ಪರಿಣಾಮವನ್ನೂ ತೂಗಿ ನೋಡಬೇಕಾದ್ದರಿಂದ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

38ಕ್ಕೇ ಅಂಡಾಶಯ ತೆಗೆಸಿದರೆ ಮುಟ್ಟು ನಿಲ್ಲುತ್ತದಲ್ವಾ?

ಹೌದು, ನಿಲ್ಲುತ್ತದೆ, ಅದೂ ಒಂದೇ ದಿನದಲ್ಲಿ. ಮೈ ಕಾವೇರುವುದು, ರಾತ್ರಿ ಬೆವರುವುದು, ನಿದ್ದೆ ಕೆಡುವುದು, ಯೋನಿ ಒಣಗುವುದು, ಆಮೇಲೆ ಮೂಳೆ ಸವೆತ, ಹೃದಯದ ತೊಂದರೆ. ಇದನ್ನು ಯಾರಾದರೂ ಸಣ್ಣ ವಿಷಯ ಅಂತ ತೇಲಿಸಿದರೆ ಒಪ್ಪಬೇಡಿ. ಸ್ತನ ಕ್ಯಾನ್ಸರ್ ಬಂದಿಲ್ಲದವರಿಗೆ, ಮುಟ್ಟು ತಾನಾಗಿ ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಚಿಕಿತ್ಸೆ ಸಾಮಾನ್ಯವಾಗಿ ಕೊಡಬಹುದು. ಸ್ತನ ಕ್ಯಾನ್ಸರ್ ಬಂದವರಿಗೆ ಬೇರೆ ಉಪಾಯಗಳನ್ನು ನೋಡುತ್ತಾರೆ. ಆಪರೇಷನ್ ಆದ ಮೇಲಲ್ಲ, ಅದಕ್ಕೆ ಮುಂಚೆಯೇ ಈ ಮಾತು ಮುಗಿದಿರಬೇಕು.

ಲಿಂಚ್ ದೋಷ ಸಿಕ್ಕರೆ?

ಕರುಳಿಗೆ ಕೊಲೊನೊಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ಒಳಗೆ ನೋಡುವುದು), ಒಂದೆರಡು ವರ್ಷಕ್ಕೊಮ್ಮೆ. ಇದು ನಿಜವಾಗಿಯೂ ಜೀವ ಉಳಿಸುವ ತಪಾಸಣೆ, ಯಾಕೆಂದರೆ ಕ್ಯಾನ್ಸರ್ ಆಗುವ ಮುಂಚಿನ ಗಂಟನ್ನೇ ತೆಗೆದುಹಾಕುತ್ತಾರೆ. ಮಕ್ಕಳಾದ ಮೇಲೆ ಗರ್ಭಕೋಶ, ಅಂಡಾಶಯ ತೆಗೆಸುವ ಆಯ್ಕೆ ಇದೆ, ಯಾವ ವಯಸ್ಸಿಗೆ ಅನ್ನುವುದು ಯಾವ ಜೀನ್ ಅನ್ನುವುದರ ಮೇಲೆ ನಿಂತಿದೆ. ಅಲ್ಲಿಯವರೆಗೆ ನೆನಪಿಡಬೇಕಾದ ಲಕ್ಷಣ ಒಂದು: ಮುಟ್ಟಿನ ನಡುವೆ ರಕ್ತ ಹೋಗುವುದು, ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೂ ಸರಿ, ತಡ ಮಾಡದೆ ತೋರಿಸಬೇಕು. "ವಯಸ್ಸಾಯ್ತು, ಹೀಗೆಲ್ಲ ಆಗುತ್ತೆ" ಅಂತ ಸುಮ್ನಿರಬಾರದು.

ನನಗೆ ಈಗಾಗಲೇ ಕ್ಯಾನ್ಸರ್ ಬಂದಿದೆ. ಈಗ ಪರೀಕ್ಷೆ ಮಾಡಿಸಿ ಏನು ಪ್ರಯೋಜನ?

ಔಷಧಿಯೇ ಬದಲಾಗಬಹುದು. ಬಿಆರ್‌ಸಿಎ ಕೆಟ್ಟಿರುವ ಕ್ಯಾನ್ಸರ್ ಕೋಶದಲ್ಲಿ ಡಿಎನ್‌ಎ ರಿಪೇರಿಯ ಒಂದು ದಾರಿ ಮೊದಲೇ ಮುಚ್ಚಿರುತ್ತದೆ. ಪಾರ್ಪ್ ಇನ್‌ಹಿಬಿಟರ್ ಅನ್ನುವ ಮಾತ್ರೆಗಳು ಇನ್ನೊಂದು ದಾರಿಯನ್ನೂ ಮುಚ್ಚುತ್ತವೆ. ಕೋಶಕ್ಕೆ ಚೇತರಿಸಿಕೊಳ್ಳಲು ಜಾಗವೇ ಇರಲ್ಲ. ಒಲಾಪರಿಬ್ ಅನ್ನುವ ಇಂಥ ಮೊದಲ ಮಾತ್ರೆಗೆ 2014ರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿತು, ಈಗ ಕೆಲವು ಬಗೆಯ ಸ್ತನ ಕ್ಯಾನ್ಸರಿಗೂ ಕೊಡುತ್ತಾರೆ. ಇನ್ನೊಂದು ಸ್ತನದ ಬಗ್ಗೆ ಏನು ಮಾಡಬೇಕು, ಯಾವ ಆಪರೇಷನ್ ಸರಿ ಅನ್ನುವುದಕ್ಕೂ ಉತ್ತರ ಸಿಗುತ್ತದೆ. ತಂಗಿಯರಿಗೆ, ಮಕ್ಕಳಿಗೆ ಆಗುವ ಉಪಯೋಗ ಬೇರೆ.

ಗಡ್ಡೆಯ ಚೂರಿನ ಮೇಲೆ ಮಾಡುವ ಜೀನ್ ಪರೀಕ್ಷೆಯೂ ಇದೆ. ಅದರಲ್ಲಿ ಸಿಗುವ ದೋಷ ಗಡ್ಡೆಯಲ್ಲಿ ಮಾತ್ರ ಇರಬಹುದು, ಹುಟ್ಟಿನಿಂದಲೂ ಬಂದಿರಬಹುದು. ಯಾವುದು ಅಂತ ತಿಳಿಯಲು ರಕ್ತದ ಪರೀಕ್ಷೆ ಬೇಕೇ ಬೇಕು.

ಮನೆಗೇ ಕಿಟ್ ತರಿಸಿ ನೋಡಿಕೊಳ್ಳಬಹುದಲ್ವಾ?

ಕೆಲವು ಕಿಟ್‌ಗಳು ಬೆರಳೆಣಿಕೆಯ ದೋಷಗಳನ್ನಷ್ಟೇ ನೋಡುತ್ತವೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಂದು ಕಿಟ್ ಬಿಆರ್‌ಸಿಎಯ ಮೂರೇ ಮೂರು ದೋಷ ನೋಡುತ್ತಿತ್ತು, ಮೂರೂ ಅಶ್ಕೆನಾಜಿ ಯಹೂದಿಗಳಲ್ಲಿ ಜಾಸ್ತಿ ಕಾಣುವಂಥವು. ಇರುವುದು ಸಾವಿರಾರು. ಉಳಿದವರಿಗೆ ಅಂಥ ಕಿಟ್ಟಿನಲ್ಲಿ ಬರುವ ನೆಗೆಟಿವ್‌ಗೆ ಬೆಲೆ ಇಲ್ಲ. ಪಾಸಿಟಿವ್ ಬಂದರೂ ಆಸ್ಪತ್ರೆಯ ಲ್ಯಾಬಿನಲ್ಲಿ ಇನ್ನೊಮ್ಮೆ ಖಾತ್ರಿ ಮಾಡಿಸದೆ ಒಂದು ಹೆಜ್ಜೆಯೂ ಮುಂದಿಡಬೇಡಿ.

ಮಗಳಿಗೆ 12 ವರ್ಷ. ಈಗಲೇ ಮಾಡಿಸಬೇಕಾ?

ಬಿಆರ್‌ಸಿಎ ಆದರೆ ಬೇಡ. ಆ ವಯಸ್ಸಿನಲ್ಲಿ ಮಾಡಬೇಕಾದ್ದು ಏನೂ ಇಲ್ಲ. 18 ದಾಟಲಿ, ಬೇಕೋ ಬೇಡವೋ ಅವಳೇ ಹೇಳಲಿ. ಟಿಪಿ53ರಂಥವು ಮಾತ್ರ ಬೇರೆ, ಅಲ್ಲಿ ಮಕ್ಕಳಿಗೂ ಪರೀಕ್ಷೆ ಬೇಕಾಗುತ್ತದೆ.

ಮುಂದೆ ಮಗು ಬೇಕು ಅನ್ನುವವರಿಗೆ, ಐವಿಎಫ್ (ದೇಹದ ಹೊರಗೆ, ಲ್ಯಾಬಿನಲ್ಲಿ ಭ್ರೂಣ ಬೆಳೆಸುವ ವಿಧಾನ) ಮಾಡಿಸಿ ದೋಷ ಇಲ್ಲದ ಭ್ರೂಣವನ್ನು ಆರಿಸುವ ದಾರಿ ಇದೆ. ಸುಲಭದ ದಾರಿ ಅಲ್ಲ. ಗಂಡ ಹೆಂಡತಿ ಇಬ್ಬರಲ್ಲೂ ಬಿಆರ್‌ಸಿಎ2 ದೋಷ ಇದ್ದರೆ ಮಗುವಿಗೆ ಫ್ಯಾಂಕೋನಿ ಅನೀಮಿಯಾ ಅನ್ನುವ ಗಂಭೀರ ಕಾಯಿಲೆ ಬರಬಹುದು. ಇಬ್ಬರೂ ರಕ್ತಸಂಬಂಧಿಗಳಾಗಿದ್ದರೆ ಇದನ್ನು ಮರೆಯದೆ ಕೇಳಿ.

ಬಳಗದವರಿಗೆ ಹೇಳುವುದು ಹೇಗೆ? ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ.

ಬೈಸಿಕೊಳ್ಳಬೇಕಾಗಿ ಬರಬಹುದು, ನಿಜ. "ನಮ್ಮ ಮನೆತನದಲ್ಲಿ ಅಂಥದ್ದೇನೂ ಇಲ್ಲ" ಅಂತ ಫೋನ್ ಇಡುವವರೂ ಇರುತ್ತಾರೆ. ಆದರೆ ಲ್ಯಾಬ್ ಆಗಲಿ ಡಾಕ್ಟರ್ ಆಗಲಿ ತಾವಾಗಿ ನಿಮ್ಮ ಸೋದರತ್ತೆಯ ಮಗಳಿಗೆ ಫೋನ್ ಮಾಡುವ ವ್ಯವಸ್ಥೆ ಹೆಚ್ಚಿನ ಕಡೆ ಇಲ್ಲ. ಹೇಳುವವರು ನೀವೇ. ಎಲ್ಲರಿಗೂ ಒಂದೇ ಚಿಕ್ಕ ಪತ್ರ ಬರೆದುಬಿಡಿ:

"ನನಗೆ ಜೀನ್ ಪರೀಕ್ಷೆಯಲ್ಲಿ ಒಂದು ದೋಷ ಸಿಕ್ಕಿದೆ. ಅದು ನಿಮ್ಮಲ್ಲೂ ಇರಬಹುದು, ಇಲ್ಲದೆಯೂ ಇರಬಹುದು. ನೋಡಿಸಿಕೊಳ್ಳುವುದು, ಬಿಡುವುದು ನಿಮ್ಮ ಇಷ್ಟ. ರಿಪೋರ್ಟಿನ ಪ್ರತಿ ಜೊತೆಗಿದೆ, ಡಾಕ್ಟರಿಗೆ ಇದನ್ನು ತೋರಿಸಿದರೆ ಸಾಕು."

ರಿಪೋರ್ಟಿನ ಪ್ರತಿ ಮರೆಯಬೇಡಿ. ದೋಷದ ಪೂರ್ತಿ ಹೆಸರಿಲ್ಲದೆ "ನಮ್ಮಕ್ಕನಿಗೆ ಬಿಆರ್‌ಸಿಎ ಅಂತೆ" ಅಂದರೆ ಲ್ಯಾಬಿನವರು ಮತ್ತೆ ಎಲ್ಲವನ್ನೂ ಹುಡುಕಬೇಕಾಗುತ್ತದೆ. ತಮ್ಮಂದಿರಿಗೂ ಕಳಿಸಿ.

ಇನ್ಶೂರೆನ್ಸಿಗೆ, ಕೆಲಸಕ್ಕೆ ತೊಂದರೆ ಆಗುತ್ತಾ?

ಒಂದೊಂದು ದೇಶದಲ್ಲಿ ಒಂದೊಂದು ಕಾನೂನು. ಅಮೆರಿಕದಲ್ಲಿ 2008ರ ಕಾನೂನು ಆರೋಗ್ಯ ವಿಮೆಗೂ ನೌಕರಿಗೂ ರಕ್ಷಣೆ ಕೊಡುತ್ತದೆ, ಜೀವ ವಿಮೆಗೆ ಕೊಡಲ್ಲ. ಪರೀಕ್ಷೆಗೆ ಮುಂಚೆಯೇ ನಿಮ್ಮ ಪಾಲಿಸಿ ಕಾಗದ ತೆಗೆದು ಒಮ್ಮೆ ಓದಿ.

ಹತ್ತು ಹದಿನೈದು ವರ್ಷದ ಹಿಂದೆ ಮಾಡಿಸಿದ್ದೆ, ನೆಗೆಟಿವ್ ಇತ್ತು. ಮತ್ತೆ ಬೇಕಾ?

ಬೇಕಾಗಬಹುದು. ಆಗಿನ ಎಷ್ಟೋ ಪರೀಕ್ಷೆಗಳು ಬಿಆರ್‌ಸಿಎ1, 2 ಎರಡನ್ನೇ ನೋಡುತ್ತಿದ್ದವು. ಜೀನಿನ ದೊಡ್ಡ ತುಂಡೇ ಹಾರಿಹೋಗಿದ್ದರೆ ಅದು ಕೆಲವು ಹಳೇ ಪರೀಕ್ಷೆಗಳಿಗೆ ಕಾಣುತ್ತಿರಲಿಲ್ಲ. ಪಿಎಎಲ್‌ಬಿ2ರಂಥವು ಪಟ್ಟಿಯಲ್ಲೇ ಇರಲಿಲ್ಲ. ಹಳೇ ರಿಪೋರ್ಟ್ ತೆಗೆದು ಯಾವ ಜೀನ್‌ಗಳನ್ನು ನೋಡಿದ್ದರು, ದೊಡ್ಡ ತುಂಡುಗಳ ಪರೀಕ್ಷೆ ಮಾಡಿದ್ದರಾ ಅಂತ ಡಾಕ್ಟರಿಗೆ ತೋರಿಸಿ. ವಿಯುಎಸ್ ಬಂದಿದ್ದವರು ಒಂದೆರಡು ವರ್ಷಕ್ಕೊಮ್ಮೆ ಲ್ಯಾಬಿಗೆ ಕೇಳಿ, ಅದರ ಹಣೆಪಟ್ಟಿ ಬದಲಾಗಿರಬಹುದು. ಫೋನ್ ನಂಬರ್, ಮನೆ ವಿಳಾಸ ಬದಲಾಗಿದ್ದರೆ ಅದನ್ನೂ ಲ್ಯಾಬಿಗೆ ತಿಳಿಸಿ. ಮೊದಲು ಬರೆದ ವಂಶದ ಚಿತ್ರ ಇದ್ದರೆ ಅದನ್ನೂ ಹೊರಗೆ ತೆಗೆಯಿರಿ, ಇಷ್ಟು ವರ್ಷದಲ್ಲಿ ಅದಕ್ಕೂ ಒಂದೆರಡು ಹೆಸರು ಸೇರಿರುತ್ತವೆ.